ಸೆಲ್ ನಾಲ್ಕೇ ದಿನಕ್ಕೆ ಖಾಲಿ ಆಗುತ್ತಿದೆಯಾ? ಮೈಕ್ರೋಕಂಟ್ರೋಲರ್ ಮಲಗಿಸುವ ಸಮಗ್ರ ಮಾರ್ಗದರ್ಶಿ

ಶಿಡ್ಲಘಟ್ಟದ ಹತ್ತಿರ ನಮ್ಮ ದೊಡ್ಡಪ್ಪನವರದು ಒಂದು ಹುಳು ಮನೆ ಇದೆ. ರೇಷ್ಮೆ ಹುಳುವಿಗೆ ಶಾಖ, ತೇವ ಎರಡೂ ಹದವಾಗಿರಬೇಕು. ಚಾಕಿ (ಮರಿ ಹುಳು) ಹಂತದಲ್ಲಿ 27–28 ಡಿಗ್ರಿ, ದೊಡ್ಡ ಹುಳುವಾದ ಮೇಲೆ 24–25. ಹದ ತಪ್ಪಿದರೆ ಕೂಗುವ ಒಂದು ಡಬ್ಬಿ ಮಾಡಿಕೊಡು ಅಂದರು. ಕರೆಂಟ್ ನಂಬುವ ಹಾಗಿಲ್ಲ, ಮೂರು ಪೆನ್ಸಿಲ್ ಸೆಲ್ಲಿನಲ್ಲೇ ಓಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಆರ್ಡುಯಿನೋ ನ್ಯಾನೋ ಬೋರ್ಡ್, ಶಾಖ ತೇವ ಅಳೆಯುವ ಒಂದು ಡಿಎಚ್‌ಟಿ22 ಸೆನ್ಸರ್, ಒಂದು ಬಜರ್. ಒಂದೇ ಭಾನುವಾರದಲ್ಲಿ ಕೆಲಸ ಮುಗಿಯಿತು.

ನಾಲ್ಕನೇ ದಿನ ಫೋನ್ ಬಂತು. "ಏನಪ್ಪಾ, ನಿನ್ ಡಬ್ಬಿ ಮಲಗ್ಬಿಡ್ತಲ್ಲ!"

ಮಲಗಬೇಕಾದಾಗ ಮಲಗದೇ ಇದ್ದದ್ದಕ್ಕೇ ಅದು ಮಲಗಿತ್ತು. ಒಂದು ಬೆಳೆ ಮುಗಿಯಲು ಹತ್ತಿರ ಹತ್ತಿರ 25 ದಿನ ಬೇಕು, ನನ್ನ ಡಬ್ಬಿ ಎರಡನೇ ಜ್ವರದವರೆಗೂ (ಜ್ವರ ಅಂದರೆ ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು) ಬರಲಿಲ್ಲ. ಅದೇ ಡಬ್ಬಿಯನ್ನು ವರ್ಷಗಟ್ಟಲೆ ಓಡುವ ಹಾಗೆ ತಿದ್ದಿದ್ದು ಹೇಗೆ, ಎಲ್ಲೆಲ್ಲಿ ಎಡವಿದೆ ಅಂತ ಇಲ್ಲಿ ಬರೆದಿದ್ದೇನೆ. ನ್ಯಾನೋದ ಮೈಕ್ರೋಕಂಟ್ರೋಲರ್, ಅಂದರೆ ಪುಟ್ಟ ಕಂಪ್ಯೂಟರ್ ಚಿಪ್, ಎಟಿಮೆಗಾ 328ಪಿ. ರಿಜಿಸ್ಟರ್ (ಚಿಪ್ ಹೇಗೆ ನಡೆಯಬೇಕು ಅಂತ ಬರೆಯುವ ಒಳಗಿನ ಖಾನೆ) ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಡೇಟಾಶೀಟಿನಲ್ಲಿ (ಚಿಪ್ ತಯಾರಕರ ವಿವರ ಪುಸ್ತಕ) ಹುಡುಕುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಮೊದಲು ಲೆಕ್ಕ, ಆಮೇಲೆ ಕೋಡ್

ಒಂದು ಒಳ್ಳೆ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 2000 ಮಿಲಿಆಂಪ್-ಗಂಟೆ ಇರುತ್ತದೆ ಅಂತ ಇಟ್ಟುಕೊಳ್ಳಿ. ಮೂರನ್ನು ಸಾಲಾಗಿ ಜೋಡಿಸಿದರೆ ವೋಲ್ಟೇಜ್ ಮಾತ್ರ 4.5 ಆಗುತ್ತದೆ, ಗಂಟೆ ಜಾಸ್ತಿ ಆಗುವುದಿಲ್ಲ. ನನ್ನ ನ್ಯಾನೋ ಸುಮ್ನೆ ಕೂತಿದ್ದರೂ 20 ಮಿಲಿಆಂಪ್ ತಿನ್ನುತ್ತಿತ್ತು. 2000 ಭಾಗಿಸು 20, ಅಂದರೆ 100 ಗಂಟೆ. ನಾಲ್ಕು ದಿನ! ದೊಡ್ಡಪ್ಪನ ಫೋನ್ ಲೆಕ್ಕಕ್ಕೆ ಸರಿಯಾಗಿಯೇ ಬಂದಿತ್ತು.

ಈಗ ಡಬ್ಬಿಗೆ ನಿಜವಾಗಿ ಏನು ಕೆಲಸ ಇದೆ ನೋಡಿ. 5 ನಿಮಿಷಕ್ಕೆ ಒಂದು ಸಲ ಶಾಖ ಓದಬೇಕು. ಸೆನ್ಸರ್ ಎದ್ದು ಸ್ಥಿರವಾಗಲು 2 ಸೆಕೆಂಡು, ಓದಲು ಸುಮಾರು 30 ಮಿಲಿಸೆಕೆಂಡು. ಉಳಿದ 298 ಸೆಕೆಂಡು ಅದಕ್ಕೆ ಏನೂ ಕೆಲಸ ಇಲ್ಲ. ಹುಳು ಜ್ವರಕ್ಕೆ ಕೂತಾಗ ನಾವು ಸೊಪ್ಪು ಹಾಕುವುದಿಲ್ಲ, ಅಲ್ವಾ? ತಿನ್ನದ ಹುಳುವಿನ ಮೇಲೆ ಸೊಪ್ಪು ಸುರಿದರೆ ಸೊಪ್ಪೂ ಹಾಳು, ತಟ್ಟೆಯೂ ಹಸಿ. ನನ್ನ ಮೊದಲ ಡಬ್ಬಿಯಲ್ಲಿ ಆಗುತ್ತಿದ್ದದ್ದು ಅದೇ.

ಹಂತ 1: ಬೋರ್ಡ್ ಬಿಡಿ, ಬರೀ ಚಿಪ್ ಹಿಡಿಯಿರಿ

ನ್ಯಾನೋದಲ್ಲಿ ಚಿಪ್ ಒಂದೇ ತಿನ್ನುವುದಿಲ್ಲ. ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್, ವೋಲ್ಟೇಜ್ ರೆಗ್ಯುಲೇಟರ್ ಮೂರೂ ಪಂಕ್ತಿಯಲ್ಲಿ ಕೂತಿರುತ್ತವೆ. ನೀವು ಕೋಡ್‌ನಲ್ಲಿ ಎಷ್ಟೇ ಚೆನ್ನಾಗಿ ಮಲಗಿಸಿದರೂ ಈ ಮೂವರು ಎದ್ದೇ ಇರುತ್ತಾರೆ. ಆದ್ದರಿಂದ 28 ಕಾಲಿನ ಬಿಡಿ 328ಪಿ ತಂದು ತೂತುಗಳಿರುವ ಪರ್ಫ್‌ಬೋರ್ಡ್ ಮೇಲೆ ಬೆಸುಗೆ ಹಾಕಿದೆ. ರೆಗ್ಯುಲೇಟರ್ ಇಲ್ಲ, ಸೆಲ್ಲಿನಿಂದ ನೇರ ಸಪ್ಲೈ. ಚಿಪ್‌ನ ಎರಡು ಕಡೆಯ ಸಪ್ಲೈ ಕಾಲುಗಳಿಗೆ ತಲಾ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ರಿಸೆಟ್ ಕಾಲಿಗೆ 10 ಕಿಲೋ ಓಮ್.

ಕೊಳ್ಳುವಾಗ ಹೆಸರಿನ ಕೊನೆಯ 'ಪಿ' ಇದೆಯಾ ನೋಡಿ. ಅದಿಲ್ಲದ 328 ನಲ್ಲಿ ಮುಂದೆ ಹೇಳುವ ಒಂದು ಸೌಲಭ್ಯ ಸಿಗುವುದಿಲ್ಲ.

ಹಂತ 2: ಯಾವ ಕ್ಲಾಕ್ ಬೇಕು?

ಕ್ಲಾಕ್ ಅಂದರೆ ಚಿಪ್‌ನ ಕೆಲಸಕ್ಕೆ ತಾಳ ಹಾಕುವ ಮಿಡಿತ. ಅದು ಒಂದೊಂದು ಸಲ ಮಿಡಿದಾಗಲೂ ಚಿಪ್‌ನ ಒಳಗಿನ ಸಾವಿರಾರು ಗೇಟ್‌ಗಳು ಸ್ವಲ್ಪ ಸ್ವಲ್ಪ ಚಾರ್ಜ್ ತುಂಬಿಕೊಂಡು ಚೆಲ್ಲುತ್ತವೆ. ಮಿಡಿತ ಜಾಸ್ತಿ ಆದಷ್ಟೂ ಖರ್ಚು ಜಾಸ್ತಿ. ವೋಲ್ಟೇಜ್ ಏರಿಸಿದರೆ ಖರ್ಚು ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ.

ಹಾಗಾದರೆ 1 ಮೆಗಾಹರ್ಟ್ಸ್‌ಗೆ ಇಳಿಸಿಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಕ್ಲಾಕ್ ಎಂಟನೇ ಒಂದಕ್ಕೆ ಇಳಿದರೆ ಅದೇ ಕೆಲಸಕ್ಕೆ ಎಂಟು ಪಟ್ಟು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಸೆನ್ಸರ್, ಬ್ರೌನ್‌ಔಟ್ ಸರ್ಕ್ಯೂಟ್, ರೆಫರೆನ್ಸ್ ಎಲ್ಲಾ ಎದ್ದಿರಬೇಕು. (ಬ್ರೌನ್‌ಔಟ್ ಅಂದರೆ ವೋಲ್ಟೇಜ್ ತೀರಾ ಇಳಿದರೆ ಚಿಪ್ ರಿಸೆಟ್ ಮಾಡುವ ಕಾವಲು, ರೆಫರೆನ್ಸ್ ಅಂದರೆ ಹೋಲಿಸಿ ನೋಡಲು ಇರುವ ಸ್ಥಿರ ವೋಲ್ಟೇಜ್.) ಅವು ಕ್ಲಾಕ್ ನೋಡಿಕೊಂಡು ತಿನ್ನುವುದಿಲ್ಲ. ನನ್ನ ಅನುಭವದಲ್ಲಿ ಬೇಗ ಬೇಗ ಕೆಲಸ ಮುಗಿಸಿ ಮಲಗುವುದೇ ಮೇಲು. ನಿಧಾನದ ಕ್ಲಾಕ್ ಲಾಭ ಕೊಡುವುದು ಎರಡೇ ಕಡೆ. ಒಂದು, ಎದ್ದುಕೊಂಡೇ ಕಾಯಬೇಕಾದಾಗ. ಇನ್ನೊಂದು, ನಿಧಾನ ಮಾಡಿದ್ದರಿಂದ ವೋಲ್ಟೇಜ್ ಕೂಡ ಇಳಿಸಲು ಆಗುವಾಗ.

ಎಷ್ಟು ವೋಲ್ಟಿಗೆ ಎಷ್ಟು ವೇಗ ಅನ್ನುವುದಕ್ಕೆ ಡೇಟಾಶೀಟಿನಲ್ಲಿ ಮಿತಿ ಇದೆ. 1.8 ವೋಲ್ಟಿಗೆ 4 ಮೆಗಾಹರ್ಟ್ಸ್, 2.7 ಕ್ಕೆ 10, 4.5 ಕ್ಕೆ 20. ನಡುವೆ ನೇರ ಗೆರೆ. ಈ ಗೆರೆಯ ಪ್ರಕಾರ 16 ಮೆಗಾಹರ್ಟ್ಸ್‌ಗೆ ಸುಮಾರು 3.8 ವೋಲ್ಟ್ ಬೇಕು. ಸೆಲ್ ಅರ್ಧ ಮುಗಿಯುವಷ್ಟರಲ್ಲೇ ನನ್ನ ನ್ಯಾನೋ ಈ ಗೆರೆಯ ಕೆಳಗೆ ಬಂದಿರುತ್ತದೆ. 8 ಮೆಗಾಹರ್ಟ್ಸ್‌ಗೆ 2.4 ಸಾಕು. ಚಿಪ್‌ನ ಒಳಗೇ 8 ಮೆಗಾಹರ್ಟ್ಸ್ ಆಸಿಲೇಟರ್ ಇದೆ, ಹೊರಗಿನ ಕ್ರಿಸ್ಟಲ್ ಬೇಕಿಲ್ಲ. ಕಾರ್ಖಾನೆಯಿಂದ ಬರುವಾಗ ಅದನ್ನು 8 ರಿಂದ ಭಾಗಿಸಿ 1 ಮೆಗಾಹರ್ಟ್ಸ್‌ಗೆ ಇಟ್ಟಿರುತ್ತಾರೆ. ಲೋ ಫ್ಯೂಸನ್ನು (ಫ್ಯೂಸ್ ಅಂದರೆ ಚಿಪ್‌ನ ಮೂಲ ಹೊಂದಾಣಿಕೆ ಬರೆದಿಡುವ ಜಾಗ) ಹೆಕ್ಸ್ 62 ರಿಂದ ಹೆಕ್ಸ್ ಇ2 ಗೆ ಬದಲಿಸಿದರೆ ಪೂರ್ತಿ 8 ಸಿಗುತ್ತದೆ. ಇನ್ನೊಂದು ಆರ್ಡುಯಿನೋವನ್ನೇ ಪ್ರೋಗ್ರಾಮರ್ ಮಾಡಿಕೊಂಡು ಫ್ಯೂಸ್ ಬರೆಯಬಹುದು.

ಫ್ಯೂಸ್ ಬರೆಯುವಾಗ ಕೈ ನಡುಗಿಸಬೇಡಿ. ತಪ್ಪಿ 'ಹೊರಗಿನ ಕ್ಲಾಕ್' ಅಂತ ಬರೆದರೆ ಚಿಪ್ ಸತ್ತ ಹಾಗೆ ಕೂರುತ್ತದೆ, ಪ್ರೋಗ್ರಾಮರ್‌ಗೂ ಮಾತಾಡಿಸಲು ಆಗುವುದಿಲ್ಲ. ಸತ್ತಿರುವುದಿಲ್ಲ, ಕ್ಲಾಕ್ ಇಲ್ಲದೆ ನಿಂತಿರುತ್ತದೆ ಅಷ್ಟೇ. 9ನೇ ಕಾಲಿಗೆ ಬೇರೆ ಬೋರ್ಡಿನಿಂದ ಚೌಕ ಅಲೆ ಕೊಟ್ಟು ಎಬ್ಬಿಸಿ, ಫ್ಯೂಸ್ ತಿದ್ದಿ.

ಒಳಗಿನ ಆಸಿಲೇಟರ್‌ನ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ನಿದ್ದೆಯಿಂದ ಎದ್ದ ಮೇಲೆ ಅದಕ್ಕೆ 6 ಮಿಡಿತ ಸಾಕು. ಕ್ರಿಸ್ಟಲ್ ಆದರೆ ಸ್ಥಿರವಾಗಲು ಸಾಮಾನ್ಯವಾಗಿ 16,000 ಮಿಡಿತ ಕಾಯುವಂತೆ ಫ್ಯೂಸ್ ಇಟ್ಟಿರುತ್ತಾರೆ. ಪ್ರತಿ ಸಲ ಏಳುವಾಗಲೂ ಈ ದಂಡ ಕಟ್ಟಬೇಕು. ಕೊರತೆ ಏನೆಂದರೆ ಕಾರ್ಖಾನೆಯ ಹೊಂದಾಣಿಕೆಯಲ್ಲಿ ಶೇ. 10 ರವರೆಗೆ ಆಚೀಚೆ ಇರಬಹುದು. ಸೀರಿಯಲ್‌ನಲ್ಲಿ (ಕಂಪ್ಯೂಟರಿಗೆ ಅಕ್ಷರ ಕಳಿಸುವ ದಾರಿ) ವೇಗ 115200 ಇಟ್ಟರೆ 8 ಮೆಗಾಹರ್ಟ್ಸ್‌ನಲ್ಲಿ ಲೆಕ್ಕದ ತಪ್ಪೇ ಶೇ. 3.5 ಬರುತ್ತದೆ, ಅಕ್ಷರ ಕಲಸಿಹೋಗುತ್ತದೆ. 9600 ಇಡಿ.

ಓಡುತ್ತಿರುವಾಗಲೇ ವೇಗ ಬದಲಿಸಲು ಸಿಎಲ್‌ಕೆಪಿಆರ್ ಅನ್ನುವ ರಿಜಿಸ್ಟರ್ ಇದೆ. ಮೊದಲು ಅದರ ಅನುಮತಿ ಬಿಟ್ ಬರೆಯಬೇಕು, ಆಮೇಲೆ 4 ಮಿಡಿತದೊಳಗೆ 1 ರಿಂದ 256 ರವರೆಗಿನ ಭಾಜಕ ಬರೆಯಬೇಕು. ನಡುವೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಗಮನ ಸೆಳೆಯುವ ಕರೆ) ಬಂದರೆ ಅನುಮತಿ ಬಿದ್ದುಹೋಗುತ್ತದೆ, ಅದಕ್ಕೇ ಮುಂಚೆಯೇ ಇಂಟರಪ್ಟ್ ಮುಚ್ಚಿ. ವೇಗ ಅರ್ಧ ಮಾಡಿದಿರಿ ಅನ್ನಿ. ಕಂಪೈಲರ್‌ಗೆ ಅದು ಗೊತ್ತಾಗುವುದಿಲ್ಲ. 1 ಸೆಕೆಂಡಿನ ಡಿಲೇ 2 ಸೆಕೆಂಡು ಆಗುತ್ತದೆ, ಸೀರಿಯಲ್ ವೇಗವೂ ಅರ್ಧವಾಗುತ್ತದೆ. ಡಿಎಚ್‌ಟಿ22 ಕೂಡ ಓದಲು ಬರುವುದಿಲ್ಲ. ಅದು ಸೊನ್ನೆಯನ್ನು ಸುಮಾರು 27, ಒಂದನ್ನು 70 ಮೈಕ್ರೋಸೆಕೆಂಡಿನ ನಾಡಿಯಲ್ಲಿ ಹೇಳುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಹೊತ್ತಿಗೆ 27 ಮಿಡಿತ ಮಾತ್ರ, ಲೈಬ್ರರಿಗೆ ಎಣಿಸಲು ಪುರಸೊತ್ತೇ ಸಿಗುವುದಿಲ್ಲ.

ಹಂತ 3: ಎಷ್ಟು ಗಾಢ ನಿದ್ದೆ?

ಈ ಚಿಪ್‌ನಲ್ಲಿ ಆರು ಬಗೆಯ ನಿದ್ದೆ ಇದೆ. ನಿಜವಾಗಿ ಬೇಕಾಗುವುದು ಮೂರು.

ಐಡಲ್ ಅಂದರೆ ಕೋಳಿ ನಿದ್ದೆ. ಸಿಪಿಯು ಮಾತ್ರ ನಿಲ್ಲುತ್ತದೆ, ಟೈಮರ್, ಸೀರಿಯಲ್ ಎಲ್ಲಾ ಓಡುತ್ತಿರುತ್ತವೆ. 5 ವೋಲ್ಟ್, 8 ಮೆಗಾಹರ್ಟ್ಸ್‌ನಲ್ಲಿ ಎದ್ದಿರುವಾಗ 5.2 ಮಿಲಿಆಂಪ್ ತಿನ್ನುವುದು ಇಲ್ಲಿ 1.2 ಕ್ಕೆ ಇಳಿಯುತ್ತದೆ ಅಂತ ಡೇಟಾಶೀಟ್ ಹೇಳುತ್ತದೆ. ಸೀರಿಯಲ್‌ಗೆ ಕಿವಿಗೊಟ್ಟು ಕೂರಬೇಕಾದರೆ ಇದು ಸರಿ.

ಪವರ್‌ಡೌನ್‌ನಲ್ಲಿ ಮುಖ್ಯ ಕ್ಲಾಕೇ ನಿಲ್ಲುತ್ತದೆ. ರ‍್ಯಾಮ್ ಮತ್ತು ಕಾಲುಗಳ ಸ್ಥಿತಿ ಇದ್ದ ಹಾಗೇ ಉಳಿಯುತ್ತವೆ. ಎಬ್ಬಿಸಲು ಹೊರಗಿನ ಇಂಟರಪ್ಟ್, ಕಾಲಿನ ಬದಲಾವಣೆ, ವಾಚ್‌ಡಾಗ್ ಇಂಥವು ಮಾತ್ರ. ವಾಚ್‌ಡಾಗ್ ಅಂದರೆ ಮುಖ್ಯ ಕ್ಲಾಕ್ ನಿಂತರೂ ತನ್ನಷ್ಟಕ್ಕೆ ಎಣಿಸುವ ಒಳಗಿನ ಟೈಮರ್. 1.8 ವೋಲ್ಟಿನಲ್ಲಿ 0.1 ಮೈಕ್ರೋಆಂಪ್. ವಾಚ್‌ಡಾಗ್ ಓಡಿಸಿದರೆ 3 ವೋಲ್ಟಿನಲ್ಲಿ 4.2 ಮೈಕ್ರೋಆಂಪ್ ಆಸುಪಾಸು.

ಪವರ್‌ಸೇವ್ ಅಂದರೆ ಪವರ್‌ಡೌನ್ ಜೊತೆಗೆ ಟೈಮರ್ 2. 32,768 ಹರ್ಟ್ಸ್‌ನ ಗಡಿಯಾರದ ಕ್ರಿಸ್ಟಲ್ ಹಾಕಿದರೆ ಅದು ನಿದ್ದೆಯಲ್ಲೂ ಎಣಿಸುತ್ತದೆ. ಇದರ ಮಾತು ಆಮೇಲೆ.

ಹಂತ 4: ಮಲಗಿಸುವ ಕ್ರಮ

ಇಲ್ಲಿ ಕ್ರಮ ತಪ್ಪಿದರೆ ನಿದ್ದೆ ಬರುತ್ತದೆ, ಉಳಿತಾಯ ಬರುವುದಿಲ್ಲ.

1. ಮೊದಲು ಎಡಿಸಿ (ವೋಲ್ಟೇಜನ್ನು ಅಂಕಿಗೆ ತಿರುಗಿಸುವ ಭಾಗ) ಆರಿಸಿ. ಎಡಿಸಿಎಸ್‌ಆರ್‌ಎ ರಿಜಿಸ್ಟರಿಗೆ ಸೊನ್ನೆ ಬರೆದರೆ ಸಾಕು. ಬಿಟ್ಟರೆ ಪವರ್‌ಡೌನ್‌ನಲ್ಲೂ ಅದು ತಿನ್ನುತ್ತಲೇ ಇರುತ್ತದೆ.
2. ಬೇಡದ ಟೈಮರ್, ಎಸ್‌ಪಿಐ, ಟಿಡಬ್ಲ್ಯುಐ (ಕೊನೆಯ ಎರಡು ಬೇರೆ ಚಿಪ್‌ಗಳ ಜೊತೆ ಮಾತಾಡುವ ಭಾಗಗಳು) ಇವಕ್ಕೆ ಹೋಗುವ ಕ್ಲಾಕನ್ನು ಪಿಆರ್‌ಆರ್ ರಿಜಿಸ್ಟರಿನಿಂದ ಕತ್ತರಿಸಿ. ಎಡಿಸಿಯ ಕ್ಲಾಕ್ ಕತ್ತರಿಸುವ ಮುಂಚೆ ಎಡಿಸಿ ಆರಿಸಿರಲೇಬೇಕು. ಪವರ್‌ಡೌನ್‌ನಲ್ಲಿ ಕ್ಲಾಕ್ ಹೇಗೂ ನಿಲ್ಲುತ್ತದೆ, ಪಿಆರ್‌ಆರ್‌ನ ಉಪಯೋಗ ಇರುವುದು ಎದ್ದಿರುವಾಗ ಮತ್ತು ಐಡಲ್‌ನಲ್ಲಿ.
3. ವಾಚ್‌ಡಾಗನ್ನು ಬರೀ ಇಂಟರಪ್ಟ್ ಕೊಡುವ ಹಾಗೆ 8 ಸೆಕೆಂಡಿಗೆ ಇಡಿ. ರಿಸೆಟ್ ಬಿಟ್ ಹಾಕಬೇಡಿ.
4. ಇಂಟರಪ್ಟ್ ಮುಚ್ಚಿ, ನಿದ್ದೆಯ ಬಗೆ ಆಯ್ದುಕೊಳ್ಳಿ, ನಿದ್ದೆಗೆ ಅನುಮತಿ ಕೊಡಿ, ಬ್ರೌನ್‌ಔಟ್ ಪತ್ತೆ ಆರಿಸಿ, ಇಂಟರಪ್ಟ್ ತೆರೆಯಿರಿ, ತಕ್ಷಣ ಮಲಗಿಸಿ.

ನಾಲ್ಕನೆಯದರಲ್ಲಿ ಎರಡು ಸೂಕ್ಷ್ಮ ಇದೆ. ಬ್ರೌನ್‌ಔಟ್ ಆರಿಸಿದ್ದು 3 ಮಿಡಿತ ಮಾತ್ರ ನಿಲ್ಲುತ್ತದೆ, ಅಷ್ಟರೊಳಗೆ ಮಲಗಬೇಕು. ಅದಕ್ಕೇ ಅದನ್ನು ಕೊನೆಯಲ್ಲಿ ಇಟ್ಟಿರುವುದು. ಇದು 'ಪಿ' ಇರುವ ಚಿಪ್‌ಗೆ ಸಿಗುವ ಸೌಲಭ್ಯ, 20 ಮೈಕ್ರೋಆಂಪ್‌ನಷ್ಟು ಉಳಿಯುತ್ತದೆ. ಇನ್ನು, ಇಂಟರಪ್ಟ್ ತೆರೆದ ಕೂಡಲೇ ಬರುವ ಒಂದು ಆಜ್ಞೆ ಖಂಡಿತ ನಡೆದೇ ನಡೆಯುತ್ತದೆ, ಅದಾದ ಮೇಲೆಯೇ ಇಂಟರಪ್ಟ್‌ಗೆ ಸರದಿ. ಆದ್ದರಿಂದ ತೆರೆಯುವುದು, ಮಲಗುವುದು ಒಂದರ ಪಕ್ಕ ಒಂದು ಇರಲೇಬೇಕು. ನಡುವೆ ಒಂದು ಸಾಲು ಸೇರಿಸಿದರೆ, ಎಬ್ಬಿಸಬೇಕಾದ ಇಂಟರಪ್ಟ್ ನೀವು ಮಲಗುವ ಮುಂಚೆಯೇ ಬಂದುಹೋಗಬಹುದು. ಆಮೇಲೆ ಎಬ್ಬಿಸುವವರೇ ಇರುವುದಿಲ್ಲ.

ವಾಚ್‌ಡಾಗ್‌ನ ಇಂಟರಪ್ಟ್ ಫಂಕ್ಷನ್ ಖಾಲಿಯಾದರೂ ಸರಿ, ಬರೆದಿರಬೇಕು. ಇಲ್ಲದಿದ್ದರೆ ಚಿಪ್ ಎದ್ದ ಕೂಡಲೇ ಪ್ರೋಗ್ರಾಂ ಮೊದಲಿನಿಂದ ಶುರು ಆಗುತ್ತದೆ. ನನ್ನದು ಒಂದು ಸಂಜೆ ಪೂರ್ತಿ 8 ಸೆಕೆಂಡಿಗೊಮ್ಮೆ ಹೊಸದಾಗಿ ಹುಟ್ಟುತ್ತಿತ್ತು.

ವಾಚ್‌ಡಾಗ್ ಒಂದು ಸಲಕ್ಕೆ 8 ಸೆಕೆಂಡಿಗಿಂತ ಜಾಸ್ತಿ ಎಣಿಸುವುದಿಲ್ಲ. 5 ನಿಮಿಷಕ್ಕೆ 38 ಸಲ ಮಲಗಿಸಿ ಎಬ್ಬಿಸಬೇಕು. ಎದ್ದಾಗ ಒಂದು ಎಣಿಕೆ ಏರಿಸಿ ಮತ್ತೆ ಮಲಗುವುದು, ಅಷ್ಟೇ. ಅದರ 128 ಕಿಲೋಹರ್ಟ್ಸ್ ಆಸಿಲೇಟರ್ ಅಷ್ಟೇನೂ ನಿಖರ ಅಲ್ಲ. ನನ್ನ ಚಿಪ್‌ನಲ್ಲಿ 8 ಅಂದದ್ದು 8.6 ಸೆಕೆಂಡು ಬಂತು. ಹುಳು ಮನೆಗೆ ಇದು ತೊಂದರೆಯೇ ಅಲ್ಲ. ಹೊತ್ತು ಸರಿಯಾಗಿ ಬೇಕು ಅನ್ನುವವರು ಪವರ್‌ಸೇವ್ ಹಿಡಿಯಿರಿ. 32,768 ಹರ್ಟ್ಸನ್ನು 1024 ರಿಂದ ಭಾಗಿಸಿದರೆ ಸೆಕೆಂಡಿಗೆ 32 ಎಣಿಕೆ, 256 ಎಣಿಕೆಗೆ ಟೈಮರ್ ತುಂಬಿ ಸರಿಯಾಗಿ 8 ಸೆಕೆಂಡು. 1.8 ವೋಲ್ಟಿನಲ್ಲಿ ಖರ್ಚು 0.75 ಮೈಕ್ರೋಆಂಪ್, ವಾಚ್‌ಡಾಗ್‌ಗಿಂತ ಅಗ್ಗ. ಈ ಕ್ರಿಸ್ಟಲ್ ಕೂರುವುದು ಮುಖ್ಯ ಕ್ರಿಸ್ಟಲ್‌ನ ಕಾಲುಗಳಲ್ಲೇ, ಆದ್ದರಿಂದ ಮುಖ್ಯ ಕ್ಲಾಕ್ ಒಳಗಿನದೇ ಆಗಿರಬೇಕು. ಎದ್ದು ತಕ್ಷಣ ಮತ್ತೆ ಮಲಗಿಸಬೇಡಿ. ಟೈಮರ್ 2 ರ ಒಂದು ರಿಜಿಸ್ಟರಿಗೆ ಏನಾದರೂ ಬರೆದು, ಎಎಸ್‌ಎಸ್‌ಆರ್‌ನಲ್ಲಿ ಅದರ ಬಿಜಿ ಬಿಟ್ ಇಳಿಯುವವರೆಗೆ ಕಾಯಿರಿ. ಇಲ್ಲದಿದ್ದರೆ ಅದು ಏಳದೇ ಇರಬಹುದು.

ಹಂತ 5: ಸೆನ್ಸರ್‌ಗೂ ದೀಪ ಆರಿಸಿ

ಡಿಎಚ್‌ಟಿ22 ಓದುವಾಗ ತಿನ್ನುವುದು ಸುಮಾರು 1.5 ಮಿಲಿಆಂಪ್. ಇದನ್ನು ಚಿಪ್‌ನ ಒಂದು ಕಾಲಿನಿಂದಲೇ ಕೊಡಬಹುದು. ಕಾಲನ್ನು ಮೇಲೆತ್ತಿದರೆ ಸೆನ್ಸರ್ ಏಳುತ್ತದೆ, ಇಳಿಸಿದರೆ ಸಪ್ಲೈ ಇಲ್ಲ.

ಆ 2 ಸೆಕೆಂಡು ಡಿಲೇ ಹಾಕಿ ಕಾಯಬೇಡಿ. ಕಾಲು ಮೇಲಿರುವಾಗಲೇ ಚಿಪ್ ಅನ್ನು 2 ಸೆಕೆಂಡು ಪವರ್‌ಡೌನ್‌ಗೆ ಕಳಿಸಿ. ಕಾಲಿನ ಸ್ಥಿತಿ ಹಾಗೇ ಇರುತ್ತದೆ, ಸೆನ್ಸರ್ ತನ್ನ ಪಾಡಿಗೆ ತಯಾರಾಗುತ್ತದೆ. ಇದರ ಲಾಭ ಎಷ್ಟು? 300 ಸೆಕೆಂಡಿನ ಒಂದು ಸುತ್ತಿಗೆ ನಿದ್ದೆ 1.5, ಸೆನ್ಸರ್ 3, ಓದು 0.15, ಒಟ್ಟು ಸುಮಾರು 4.65 ಮಿಲಿಆಂಪ್-ಸೆಕೆಂಡು. ಸರಾಸರಿ 15.5 ಮೈಕ್ರೋಆಂಪ್. ಡಿಲೇ ಹಾಕಿದರೆ ಇದಕ್ಕೆ ಇನ್ನೊಂದು 10 ಸೇರಿ ಸರಾಸರಿ 49 ಆಗುತ್ತದೆ. ಒಂದು ಸಾಲಿನ ಕೋಡ್‌ಗೆ ಮೂರು ಪಟ್ಟು ದಂಡ.

15.5 ಮೈಕ್ರೋಆಂಪ್ ಅಂದರೆ ಕಾಗದದ ಮೇಲೆ 14 ವರ್ಷ. ಸೆಲ್ ಅಷ್ಟು ವರ್ಷ ಬದುಕುವುದಿಲ್ಲ ಬಿಡಿ, ತನ್ನಷ್ಟಕ್ಕೆ ತಾನೇ ಸೋರಿ ಮುಗಿಯುತ್ತದೆ. ಬಜರ್ ಲೆಕ್ಕವೂ ಇದೆ: 30 ಮಿಲಿಆಂಪಿನ ಬಜರ್ ಮೂರು ಸಲ ಚುಟುಕಾಗಿ ಕೂಗಿದರೆ, ಒಟ್ಟು 150 ಮಿಲಿಸೆಕೆಂಡು, ಇಡೀ ಸುತ್ತಿನಷ್ಟೇ ಖರ್ಚು. ಅದನ್ನು ಟ್ರಾನ್ಸಿಸ್ಟರ್ ಮೂಲಕ ಓಡಿಸಿ.

ಹಂತ 6: ಅಳೆಯದೆ ನಂಬಬೇಡಿ

ಅಗ್ಗದ ಮಲ್ಟಿಮೀಟರನ್ನು ಮೈಕ್ರೋಆಂಪ್ ರೇಂಜಿನಲ್ಲಿ ಸರಣಿಗೆ ಹಾಕಿದರೆ, ಚಿಪ್ ಏಳುವ ಹೊತ್ತಿಗೆ ಮೀಟರೇ ವೋಲ್ಟೇಜ್ ನುಂಗಿ ಚಿಪ್ ರಿಸೆಟ್ ಆಗುತ್ತದೆ. ನಾನು ಮಾಡುವುದು ಹೀಗೆ. ಸೆಲ್ಲಿನ ಪಾಸಿಟಿವ್ ತಂತಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅದರ ಎರಡು ತುದಿಗೆ ಮೊಸಳೆ ಕ್ಲಿಪ್ಪಿನ ತಂತಿ ಕಚ್ಚಿಸಿ ಶಾರ್ಟ್ ಮಾಡಿ. ಎದ್ದ ಕೂಡಲೇ ಮಲಗಿ ಮತ್ತೆ ಏಳದಂಥ ಒಂದು ಪುಟ್ಟ ಪ್ರೋಗ್ರಾಂ ತುಂಬಿ, ಚಿಪ್ ಮಲಗಿದ ಮೇಲೆ ತಂತಿ ತೆಗೆಯಿರಿ. ಈಗ ರೆಸಿಸ್ಟರ್ ಮೇಲೆ ಎಷ್ಟು ಮಿಲಿವೋಲ್ಟ್ ಇದೆಯೋ ಅಷ್ಟೇ ಮೈಕ್ರೋಆಂಪ್. 200 ಮಿಲಿವೋಲ್ಟ್ ರೇಂಜಿನಲ್ಲಿ 0.1 ರವರೆಗೂ ಕಾಣುತ್ತದೆ.

ನಾನು ಮೊದಲ ಸಲ ತಂತಿ ತೆಗೆದಾಗ ಮೀಟರು ಎಡಗಡೆ ಬರೀ '1' ತೋರಿಸಿತು. ರೇಂಜ್ ಮೀರಿದೆ ಅಂತ. ಮೇಲಿನ ರೇಂಜಿಗೆ ತಿರುಗಿಸಿದರೆ 409. ಕೋಡ್ ಎರಡು ಸಲ ಓದಿದೆ, ಎಲ್ಲಾ ಸರಿ ಇತ್ತು. ಕೊನೆಗೆ ಸೆನ್ಸರ್‌ನ ತಂತಿ ಒಂದೊಂದಾಗಿ ಕಿತ್ತೆ. ಡೇಟಾ ತಂತಿಯನ್ನು ಮೇಲಿನ ವೋಲ್ಟೇಜಿಗೆ ಹಿಡಿದಿಡುವ 10 ಕಿಲೋ ಓಮ್ ಪುಲ್‌ಅಪ್ ಕಿತ್ತಾಗ 409 ಧೊಪ್ಪನೆ ಬಿತ್ತು. ಪುಲ್‌ಅಪ್ಪನ್ನು ನಾನು ಸೆಲ್ಲಿನ ಪಾಸಿಟಿವ್‌ಗೆ ಕಟ್ಟಿದ್ದೆ. ಸೆನ್ಸರ್ ಸಪ್ಲೈ ಆರಿಸಿ ಡೇಟಾ ಕಾಲನ್ನು ಕೆಳಗಿಳಿಸಿದರೂ, ಆ ರೆಸಿಸ್ಟರ್ ಮೂಲಕ ಸೆಲ್ ಸೋರುತ್ತಲೇ ಇತ್ತು. ಅದೊಂದರಿಂದಲೇ ಆಯಸ್ಸು ಆರೂವರೆ ತಿಂಗಳಿಗೆ ಇಳಿಯುತ್ತಿತ್ತು. ಪುಲ್‌ಅಪ್ಪನ್ನು ಸೆನ್ಸರ್‌ಗೆ ಸಪ್ಲೈ ಕೊಡುವ ಕಾಲಿಗೇ ಕಟ್ಟಿ, ಮಲಗುವ ಮುಂಚೆ ಎರಡೂ ಕಾಲು ಕೆಳಗಿಳಿಸಿ.

ಆದರೂ ಅಂಕಿ ಒಂದು ಕಡೆ ನಿಲ್ಲಲಿಲ್ಲ. 30 ಅನ್ನುತ್ತದೆ, 12 ಅನ್ನುತ್ತದೆ, ಕೈ ಹತ್ತಿರ ತಂದರೆ 60 ಕ್ಕೆ ಹಾರುತ್ತದೆ. ಭೂತ ಅಲ್ಲ, ಯಾವುದಕ್ಕೂ ಕಟ್ಟದ ಕಾಲುಗಳು. ತೇಲುತ್ತಿರುವ ಇನ್‌ಪುಟ್ ನಡುವಿನ ವೋಲ್ಟೇಜಿಗೆ ಬಂದಾಗ ಒಳಗಿನ ಬಫರ್ ಸೋರುತ್ತದೆ. ಬಳಸದ ಕಾಲುಗಳಿಗೆಲ್ಲ ಒಳಗಿನ ಪುಲ್‌ಅಪ್ ಹಾಕಿದೆ. ಮೀಟರು 0.2 ಕ್ಕೆ ಬಂದು ಕೂತಿತು. ವಾಚ್‌ಡಾಗ್ ಸೇರಿಸಿದಾಗ 5 ರ ಹತ್ತಿರ.

ಲೈಬ್ರರಿ ಕೊಟ್ಟ ಏಟು

ಎಲ್ಲಾ ಆಯಿತು ಅಂತ ಸೀರಿಯಲ್ ತಂತಿ ಹಾಕಿ ನೋಡುತ್ತಾ ಕೂತೆ. 26.4. ಮತ್ತೆ 26.4. ಮಧ್ಯಾಹ್ನದ ಬಿಸಿಲು ಶೀಟಿನ ಮೇಲೆ ಸುಡುತ್ತಿದೆ, ಡಬ್ಬಿ ಮಾತ್ರ 26.4 ಬಿಟ್ಟು ಕದಲುವುದಿಲ್ಲ. ಕಾರಣ ಇಷ್ಟೇ. ಪವರ್‌ಡೌನ್‌ನಲ್ಲಿ ಟೈಮರ್ 0 ನಿಲ್ಲುತ್ತದೆ, ಹಾಗಾಗಿ ಆರ್ಡುಯಿನೋದ ಮಿಲಿಸ್ (ಶುರುವಾಗಿ ಎಷ್ಟು ಮಿಲಿಸೆಕೆಂಡು ಆಯಿತು ಅನ್ನುವ) ಎಣಿಕೆಯೂ ನಿಲ್ಲುತ್ತದೆ. ನಾನು ಬಳಸಿದ ಲೈಬ್ರರಿ 'ಹಿಂದಿನ ಓದಿನಿಂದ 2 ಸೆಕೆಂಡು ಆಗಿಲ್ಲ' ಅಂತ ನಂಬಿ ಹಳೇ ಅಂಕಿಯನ್ನೇ ಕೊಡುತ್ತಿತ್ತು. ಹೊರಗೆ 5 ನಿಮಿಷ ಕಳೆದಿದ್ದರೆ ಅದರ ಗಡಿಯಾರದಲ್ಲಿ ಕಳೆದದ್ದು ಕೆಲವು ಮಿಲಿಸೆಕೆಂಡು. ಕಡ್ಡಾಯವಾಗಿ ಓದು ಅನ್ನುವ ಆಯ್ಕೆ ಅದರಲ್ಲೇ ಇತ್ತು, ಹಾಕಿದೆ, ಸರಿಹೋಯಿತು. ಮಿಲಿಸ್ ನಂಬಿಕೊಂಡ ಯಾವುದೇ ಲೈಬ್ರರಿಯನ್ನು ಮಲಗುವ ಚಿಪ್‌ನಲ್ಲಿ ಅನುಮಾನದಿಂದಲೇ ನೋಡಿ.

ಬೇರೆ ಚಿಪ್ ಇದ್ದರೆ

ಎಸ್‌ಟಿಎಂ32 ನಲ್ಲಿ ಸ್ಲೀಪ್, ಸ್ಟಾಪ್, ಸ್ಟ್ಯಾಂಡ್‌ಬೈ ಅಂತ ಹೆಸರು. ಸ್ಟಾಪ್‌ನಿಂದ ಎದ್ದಾಗ ಎಫ್103 ಒಳಗಿನ 8 ಮೆಗಾಹರ್ಟ್ಸ್‌ನಲ್ಲೇ ಓಡುತ್ತದೆ. 72 ಬೇಕಾದರೆ ಕ್ಲಾಕ್ ವೇಗ ಹೆಚ್ಚಿಸುವ ಪಿಎಲ್‌ಎಲ್ ಮತ್ತೆ ನೀವೇ ಕಟ್ಟಬೇಕು. ವೇಗ ಏರಿಸುವಾಗ ಫ್ಲ್ಯಾಶ್‌ನ ವೇಟ್ ಸ್ಟೇಟ್ (ಓದುವಾಗ ಕಾಯುವ ಮಿಡಿತ) ಮೊದಲು ಏರಿಸಿ, ಇಳಿಸುವಾಗ ವೇಗ ಮೊದಲು ಇಳಿಸಿ. ಸ್ಟ್ಯಾಂಡ್‌ಬೈಗೆ ಹೋದರೆ ರ‍್ಯಾಮ್‌ನಲ್ಲಿದ್ದದ್ದು ಹೋಯಿತು. ಇಎಸ್‌ಪಿ32 ಡೀಪ್ ಸ್ಲೀಪ್‌ನಲ್ಲಿ ಡೇಟಾಶೀಟ್ ಪ್ರಕಾರ 10 ಮೈಕ್ರೋಆಂಪ್ ಆಸುಪಾಸು, ಆದರೆ ವೈಫೈ ಕಳಿಸುವಾಗ 200 ಮಿಲಿಆಂಪ್ ದಾಟುತ್ತದೆ. ಅಲ್ಲಿ ಲೆಕ್ಕವೆಲ್ಲಾ ಎಷ್ಟು ಬೇಗ ಕಳಿಸಿ ಮುಗಿಸುತ್ತೀರಿ ಅನ್ನುವುದರ ಮೇಲೆ.

ಹಂತ 7: ಸೆಲ್ ಮುಗಿಯುವುದನ್ನು ಅದೇ ಹೇಳಲಿ

ಸೆಲ್ ವೋಲ್ಟೇಜ್ ನೋಡಲು ಎರಡು ರೆಸಿಸ್ಟರ್ ಸಾಲಾಗಿ ಕಟ್ಟಿದರೆ ಅವೂ ಸೋರುತ್ತವೆ. ಚಿಪ್‌ನ ಒಳಗೆ 1.1 ವೋಲ್ಟಿನ ರೆಫರೆನ್ಸ್ ಇದೆ. ಸಪ್ಲೈಯನ್ನೇ ಅಳತೆಗೋಲು ಮಾಡಿಕೊಂಡು ಎಡಿಸಿಯಿಂದ ಅದನ್ನು ಓದಿ. 1.1 ಗುಣಿಸು 1024, ಭಾಗಿಸು ಬಂದ ಅಂಕಿ. ಅದೇ ಸಪ್ಲೈ ವೋಲ್ಟೇಜ್. ಮೊದಲ ಒಂದೆರಡು ಓದು ಎಸೆಯಿರಿ, ರೆಫರೆನ್ಸ್ ಸ್ಥಿರವಾಗಿರುವುದಿಲ್ಲ. ಡಿಎಚ್‌ಟಿ22 ಗೆ ಕನಿಷ್ಠ 3.3 ವೋಲ್ಟ್ ಬೇಕು, ಅದಕ್ಕೇ 3.4 ಕ್ಕೆ ಎಚ್ಚರಿಕೆ ಇಟ್ಟೆ. ದಿನಕ್ಕೆ ಒಂದು ಸಲ ಓದಿದರೆ ಸಾಕು.

ಎಚ್ಚರಿಕೆಗೆ ಉದ್ದವಾದ ಒಂದು ಕೂಗು ಇಟ್ಟಿದ್ದೆ. ದೊಡ್ಡಮ್ಮ ಅದನ್ನು ಬದಲಿಸಿದರು. "ಶಾಖಕ್ಕೂ ಅದೇ ಕೂಗು, ಸೆಲ್ಲಿಗೂ ಅದೇ ಕೂಗು ಅಂದ್ರೆ ರಾತ್ರಿ ಹೊತ್ತು ಯಾವುದಕ್ಕೆ ಅಂತ ಎದ್ದು ಓಡ್ಲಪ್ಪಾ?" ಈಗ ಶಾಖಕ್ಕೆ ಮೂರು ಚುಟುಕು, ತೇವಕ್ಕೆ ಎರಡು, ಸೆಲ್ಲಿಗೆ ಬೆಳಗ್ಗೆ ಸೊಪ್ಪು ಹಾಕುವ ಹೊತ್ತಿಗೆ ಒಂದೇ ಒಂದು. ವಾಚ್‌ಡಾಗ್‌ನ ತಪ್ಪು ಸೇರಿಕೊಂಡು ಆ ಹೊತ್ತು ದಿನಾ ಸ್ವಲ್ಪ ಸ್ವಲ್ಪ ಜಾರುತ್ತದೆ. 32,768 ರ ಕ್ರಿಸ್ಟಲ್ ತಂದಿಟ್ಟಿದ್ದೇನೆ. ಈ ಬೆಳೆಯ ಹುಳು ಗೂಡು ಕಟ್ಟಲು ಚಂದ್ರಂಕಿಗೆ ಹತ್ತಿದ ಮೇಲೆ ಡಬ್ಬಿ ಬಿಚ್ಚಬೇಕು.